ಪೀಟರ್ ನೋವೆಲ್ ಕಂಡ ಗಿಡ್ಡ ವರ್ಣತಂತು

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂಬ ಸರಿಯಾದ ಲೆಕ್ಕ ವಿಜ್ಞಾನಕ್ಕೆ ಸಿಕ್ಕಿದ್ದೇ 1956ರಲ್ಲಿ. ಅದೇ ವರ್ಷ ಪೆಥಾಲಜಿಸ್ಟ್ ಪೀಟರ್ ನೋವೆಲ್ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಮರಳಿದರು. ಲ್ಯುಕೇಮಿಯಾ ರೋಗಿಗಳ ರಕ್ತಕಣಗಳನ್ನು ಬೆಳೆಸಿ, ಬಣ್ಣ ಹಚ್ಚುವ ಮುನ್ನ ಸ್ಲೈಡನ್ನು ನಲ್ಲಿ ನೀರಿನಲ್ಲಿ ತೊಳೆದರು. ನೀರು ಹೀರಿ ಕಣಗಳು ಉಬ್ಬಿದವು, ಒತ್ತೊತ್ತಾಗಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಕಂಡವು. ಕೆಂಪು ರಕ್ತಕಣಗಳನ್ನು ಬೇರ್ಪಡಿಸಲು ಬಳಸುತ್ತಿದ್ದ ರಾಜ್ಮಾ ಜಾತಿಯ ಕಾಳಿನ ಸಾರವೇ ಬಿಳಿ ರಕ್ತಕಣಗಳನ್ನು ವಿಭಜನೆಗೆ ಹಚ್ಚುತ್ತದೆ ಎಂಬುದನ್ನೂ ಅವರೇ ಗುರುತಿಸಿದರು. ವರ್ಣತಂತು ಪರೀಕ್ಷೆ ಮಾಡುವ ಲ್ಯಾಬುಗಳಲ್ಲಿ ಅದರ ಬಳಕೆ ಇಂದಿಗೂ ಇದೆ.

ವರ್ಣತಂತುಗಳನ್ನು ಓದಬಲ್ಲ ಯುವ ಸಂಶೋಧಕ ಡೇವಿಡ್ ಹಂಗರ್‌ಫೋರ್ಡ್ ಜೊತೆಯಾದರು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ರೋಗಿಗಳ ಕಣಗಳಲ್ಲಿ ಒಂದು ವರ್ಣತಂತು ಅಸಹಜವಾಗಿ ಗಿಡ್ಡವಾಗಿತ್ತು. 1960ರಲ್ಲಿ ಇಬ್ಬರೂ ಇದನ್ನು ವರದಿ ಮಾಡಿದಾಗ, ವರ್ಣತಂತುವಿನ ಕೆಡುಕು ಕ್ಯಾನ್ಸರಿನ ಫಲವೇ ಹೊರತು ಕಾರಣವಲ್ಲ ಎಂದವರೇ ಬಹಳ. 1973ರಲ್ಲಿ ಶಿಕಾಗೊದ ಜಾನೆಟ್ ರೌಲಿ ಗುಟ್ಟು ಬಿಡಿಸಿದರು: 9 ಮತ್ತು 22ನೇ ವರ್ಣತಂತುಗಳು ತುಂಡಾಗಿ, ತುಣುಕುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಆ ಬೆಸುಗೆಯಲ್ಲಿ ಬಿಸಿಆರ್ ಮತ್ತು ಏಬಿಎಲ್ ಎಂಬ ಜೀನುಗಳು ಒಂದಾಗಿ, ಸುಮ್ಮನಿರಲಾರದ ಒಂದು ಕಿಣ್ವವನ್ನು ಹುಟ್ಟಿಸುತ್ತವೆ. ಕಣಗಳು ಮಿತಿಯಿಲ್ಲದೆ ಹೆಚ್ಚುವುದು ಅದರಿಂದಲೇ. ಅದನ್ನು ತಡೆಯುವ ಇಮಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ನೋವೆಲ್ ಹೆಸರು ಈ ಗಿಡ್ಡ ವರ್ಣತಂತುವಿಗೇ ಅಂಟಿಕೊಂಡಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1976ರಲ್ಲಿ ಅವರು ಮಂಡಿಸಿದ ವಿಚಾರ. ಗಡ್ಡೆ ಒಂದೇ ಕಣದಿಂದ ಶುರುವಾದರೂ ಅದರ ಸಂತತಿ ಒಂದೇ ಥರ ಉಳಿಯುವುದಿಲ್ಲ. ಹೊಸ ಹೊಸ ಜೀನ್ ಬದಲಾವಣೆಗಳು ಸೇರುತ್ತ, ಬದುಕಿ ಉಳಿಯಬಲ್ಲವು ಮೇಲುಗೈ ಪಡೆಯುತ್ತವೆ ಎಂದರು ಅವರು. ಹಾಗಾದರೆ ಕ್ಯಾನ್ಸರಿಗೆ ಒಮ್ಮೆ ಮಾಡಿದ ಜೀನ್ ಪರೀಕ್ಷೆ ಕೊನೆಯವರೆಗೂ ಸಾಕಾಗುವುದು ಹೇಗೆ?

ಸಾಕಾಗುವುದಿಲ್ಲ. ಇಮಾಟಿನಿಬ್ ಮಾತ್ರೆ ತೆಗೆದುಕೊಳ್ಳುವ ರೋಗಿ ಚೆನ್ನಾಗಿ ಓಡಾಡಿಕೊಂಡಿದ್ದರೂ, ಮೊದಲ ವರ್ಷಗಳಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಬೆಸೆದ ಜೀನಿನ ಪ್ರಮಾಣ ಅಂತರರಾಷ್ಟ್ರೀಯ ಮಾಪಕದಲ್ಲಿ ಶೇ. 0.1 ಅಥವಾ ಅದಕ್ಕಿಂತ ಕಡಿಮೆಗೆ ಇಳಿದರೆ ವೈದ್ಯರಿಗೆ ನೆಮ್ಮದಿ. ಇಮಾಟಿನಿಬ್‌ನ ಹೊಸ ರೂಪಕ್ಕೆ ಪೇಟೆಂಟ್ ಕೊಡಲು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ನಿರಾಕರಿಸಿತು. ಹೀಗಾಗಿ ದೇಶೀ ಕಂಪನಿಗಳ ಅಗ್ಗದ ಮಾತ್ರೆಗೆ ಅಡ್ಡಿಯಾಗಲಿಲ್ಲ. ಮಾತ್ರೆಯಷ್ಟೇ ಸಲೀಸಾಗಿ ಈ ಪರೀಕ್ಷೆಯೂ ಎಲ್ಲರ ಕೈಗೆಟುಕಬೇಕು.

ಏಕೆಂದರೆ ಪ್ರಮಾಣ ಮತ್ತೆ ಏರತೊಡಗಿದಾಗ, ರೋಗಿ ಮಾತ್ರೆ ತಪ್ಪಿಸಿಲ್ಲ ಎಂದಾದರೆ, ಲ್ಯಾಬಿನವರು ಏಬಿಎಲ್ ಜೀನನ್ನು ಅಕ್ಷರಕ್ಷರ ಓದಬೇಕಾಗುತ್ತದೆ. ಕಿಣ್ವದ 315ನೇ ಸ್ಥಾನದಲ್ಲಿ ಥ್ರಿಯೋನೀನ್ ಹೋಗಿ ಐಸೋಲ್ಯೂಸೀನ್ ಬಂದು ಕೂತಿದ್ದರೆ ಇಮಾಟಿನಿಬ್ ಎಷ್ಟು ಕೊಟ್ಟರೂ ನಾಟುವುದಿಲ್ಲ; ಪೊನಾಟಿನಿಬ್‌ನಂಥ ಬೇರೆ ಔಷಧಿಗೆ ಹೋಗಬೇಕು. ರೋಗಿಯ ಮುಖವನ್ನೇ ಕಾಣದ ಪೆಥಾಲಜಿಸ್ಟ್ ಸಹಿ ಹಾಕಿದ ವರದಿಯಿಂದಲೇ ವೈದ್ಯರಿಗೆ ಅದು ತಿಳಿಯುವುದು.