ಹೃದಯವೈಫಲ್ಯದಲ್ಲಿ ಬುದ್ಧಿಪರೀಕ್ಷೆಯೂ ಟೇಕಲ್ ಸೀಮೆಯ ನುಡಿಯೂ

ದೇಹದ ತೂಕದಲ್ಲಿ 100ಕ್ಕೆ 2 ಪಾಲಿನಷ್ಟೇ ಇರುವ ಮಿದುಳು, ಹೃದಯವು ಹೊರಡಿಸುವ ರಕ್ತದಲ್ಲಿ ಸುಮಾರು 15 ಪಾಲನ್ನು ಬಯಸುತ್ತದೆ. ಹೃದಯವೈಫಲ್ಯದಲ್ಲಿ, ಎಂದರೆ ಹೃದಯವು ನಿಂತಿರದೆ, ಬೇಕಾದಷ್ಟು ರಕ್ತವನ್ನು ತಳ್ಳಲಾರದೆ ಸೋತಿರುವ ಸ್ಥಿತಿಯಲ್ಲಿ, ಈ ಪಾಲು ಕುಂದಬಹುದು. ಹಳೆಯ ರಕ್ತದೊತ್ತಡವೂ ಸಣ್ಣ ಹೆಪ್ಪುಗಳೂ ಮಿದುಳಿಗೆ ಬೇರೆ ಹಾನಿಮಾಡಿರುವುದುಂಟು. ಇಂಥ ರೋಗಿಗಳಲ್ಲಿ ನೆನಪು, ಗಮನ, ವಿವೇಚನೆಗಳು ಕುಗ್ಗಿದವರು 100ಕ್ಕೆ 25ರಿಂದ 75ರವರೆಗೆ ಎಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಎಣಿಕೆಯು ಇಷ್ಟು ಹಿಗ್ಗಲು ಅಳತೆಗೋಲುಗಳು ಒಂದೇ ಆಗಿಲ್ಲದಿರುವುದೂ ಒಂದು ಕಾರಣ. ಈ ಕುಂದನ್ನು ಕಂಡುಹಿಡಿಯದಿದ್ದರೆ, ಮಾತ್ರೆಯನ್ನು ಮರೆತವನೂ ಕಾಲೂತವನ್ನು ಗಮನಿಸದವನೂ ಹಟಮಾರಿಯೆನಿಸಿಕೊಂಡು ಮತ್ತೆ ಆಸ್ಪತ್ರೆ ಸೇರುತ್ತಾನೆ.

ಆದರೆ ಈ ಅಳತೆಗೋಲು ನುಡಿಯಿಂದಾದುದು. 2005ರಲ್ಲಿ ಪ್ರಕಟವಾದ ಮಾಂಟ್ರಿಯಲ್ ಪರೀಕ್ಷೆಯ ಮೂಲರೂಪದಲ್ಲಿ ಗಡಿಯಾರವನ್ನು ಬರೆದು 11 ಗಂಟೆ 10 ನಿಮಿಷವನ್ನು ತೋರಿಸಬೇಕು, ಖಡ್ಗಮೃಗವನ್ನು ಗುರುತಿಸಬೇಕು, ಎಫ್ ಅಕ್ಷರದಿಂದ ಮೊದಲಾಗುವ ಮಾತುಗಳನ್ನು ಒಂದು ನಿಮಿಷ ಹೇಳಬೇಕು. ಒಟ್ಟು ಅಂಕ 30. 12 ವರ್ಷ ಮೀರಿ ಓದದವರಿಗೆ ಒಂದಂಕ ಕೂಡಿಸುವರು. ಶಾಲೆಯನ್ನೇ ಕಾಣದವರಿಗೆ ಈ ಒಂದಂಕ ಯಾವ ಮೂಲೆಗೆ? ಅಕ್ಷರದ ಪ್ರಶ್ನೆಯು ಕನ್ನಡಕ್ಕೆ ಬಂದರೆ ವೈಯಾಕರಣನಿಗೇ ತೊಡಕಾಗುತ್ತದೆ: ‘ಕ’ ಎಂದಾಗ ಕಲ್ಲು, ಕಡಲೆಗಳು ಮಾತ್ರವೋ, ಕಾಗೆ, ಕಿವಿ, ಕುರಿಗಳೂ ಸೇರುವುವೋ? ಓದುಬಾರದವನಿಗಂತೂ ಈ ವಿಭಾಗವೇ ಅಪರಿಚಿತ. ಪ್ರಾಣಿಗಳ ಹೆಸರುಗಳನ್ನು ಕೇಳುವುದೇ ಅವನಿಗೆ ನ್ಯಾಯ.

ಅಲ್ಲಿಯೂ ಎಚ್ಚರ ಬೇಕು. ಕೋಲಾರ ಸೀಮೆಯ ಶಾಸನಗಳಲ್ಲಿ ಕನ್ನಡದೊಡನೆ ತಮಿಳು, ತೆಲುಗುಗಳಿರುವುದನ್ನು ಎಪಿಗ್ರಾಫಿಯ ಕರ್ಣಾಟಿಕದ 10ನೆಯ ಸಂಪುಟವನ್ನು ನೋಡಿದವರು ಬಲ್ಲರು. ಮಾಲೂರಿಗೂ ಬಂಗಾರಪೇಟೆಗೂ ನಡುವಣ ಟೇಕಲ್ಲಿನ ಕಡೆ ಇಂದಿಗೂ ಮನೆಯಲ್ಲಿ ತೆಲುಗನ್ನೂ ಹೊರಗೆ ಕನ್ನಡವನ್ನೂ ಆಡುವವರುಂಟು. ಅಂಥವರು ‘ಹಸು’ ಎಂದು, ತುಸು ಹೊತ್ತಿಗೆ ‘ಆವು’ ಎಂದರೆ ಪ್ರಾಣಿ ಒಂದೇ, ಎಣಿಕೆಯೂ ಒಂದೇ. ನುಡಿ ಬದಲಿಸಿದುದು ಮಾತ್ರ ಮರೆವಿನ ಗುರುತಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ಸಿದ್ಧಪಡಿಸಿದ ಪರೀಕ್ಷಾಸಂಪುಟವು ಐದು ಭಾಷೆಗಳಲ್ಲಿದ್ದು ಕನ್ನಡ, ತೆಲುಗುಗಳೆರಡೂ ಅದರಲ್ಲಿ ಸೇರಿವೆ. ಇದೇ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರವು 2018ರಿಂದ 45 ವರ್ಷ ದಾಟಿದವರ ಬುದ್ಧಿಶಕ್ತಿಯನ್ನು ವರ್ಷವರ್ಷವೂ ಅಳೆಯಲು ತೊಡಗಿತು. ಅದು ಹೃದಯರೋಗಿಗಳಿಗೆಂದೇ ಮಾಡಿದುದಲ್ಲ; ಆದರೂ ಹಳ್ಳಿಯವರನ್ನು ಹಳ್ಳಿಯವರೊಡನೆಯೇ ಹೋಲಿಸುವುದಕ್ಕೆ ಇದೊಂದು ಆಧಾರ.

ಉಸಿರುಕಟ್ಟಿ ಬಂದ ದಿನ ಪರೀಕ್ಷಿಸತಕ್ಕುದಲ್ಲ. ರೋಗಿ ಚೇತರಿಸಿಕೊಂಡ ಮೇಲೆ, ಕಿವಿ ಕಣ್ಣುಗಳನ್ನು ವಿಚಾರಿಸಿಕೊಂಡು, ಅವನಾಡುವ ನುಡಿಯಲ್ಲಿಯೇ ಕೇಳತಕ್ಕುದು. ಅಂಕ ಕಡಮೆಯಾದಮಾತ್ರಕ್ಕೆ ರೋಗನಿರ್ಣಯವಾಗದು. ಮನೆಯವರನ್ನು ವಿಚಾರಿಸಿ, ಸಂದೇಹ ಉಳಿದರೆ ಮಾತ್ರೆ ಎಣಿಸಿಕೊಡುವ, ದಿನವೂ ತೂಕ ನೋಡುವ ಹೊಣೆಯನ್ನು ಮಗನಿಗೋ ಸೊಸೆಗೋ ಅಂದೇ ಒಪ್ಪಿಸಬಹುದು.