ಮಗುವಿನ ಒಂಬತ್ತು ಅಂಕಿಗಳಲ್ಲಿ ಅಡಗಿರುವ ಹನ್ನೊಂದು

ಓದಿಗೋ ಕೆಲಸಕ್ಕೋ ವಾಗೆನಿಂಗನ್‌ಗೆ ಬಂದು ನಗರಸಭೆಯಲ್ಲಿ ಹೆಸರು ನೋಂದಾಯಿಸಿದರೆ, ಕೈಗೂಸಿಗೂ ಒಂದು ಬಿಎಸ್‌ಎನ್ ಸಿಗುತ್ತದೆ. ಒಂಬತ್ತು ಅಂಕಿಯ ಈ ಸಂಖ್ಯೆಗೆ ಒಂದು ಗುಟ್ಟಿದೆ.

ಎಡದಿಂದ ಎಂಟು ಅಂಕಿಗಳನ್ನು ಕ್ರಮವಾಗಿ 9, 8, 7 ಹೀಗೆ 2ರವರೆಗೆ ಗುಣಿಸಿ ಕೂಡಿಸಿ. ಕೊನೆಯ ಅಂಕಿಯನ್ನು ಕಳೆಯಿರಿ. ಉತ್ತರ 11ರಿಂದ ಶೇಷವಿಲ್ಲದೆ ಭಾಗವಾಗಲೇಬೇಕು. ಡಚ್ಚರು ಇದನ್ನು ‘ಎಲ್ಫ್‌ಪ್ರೂಫ್’, ಅಂದರೆ ಹನ್ನೊಂದರ ಪರೀಕ್ಷೆ ಎನ್ನುತ್ತಾರೆ. ಉದಾಹರಣೆಗೆ 111222333: ಮೊದಲ ಮೂರು ಅಂಕಿಗಳಿಂದ 24, ನಡುವಿನ ಮೂರರಿಂದ 30, ಕೊನೆಯ ಮೂರರಿಂದ 9+6−3, ಅಂದರೆ 12. ಒಟ್ಟು 66. ಪಾಸು!

ನಮ್ಮ ಮಕ್ಕಳಿಗೆ ಇದು ಬರೀ ಆಟವಲ್ಲ. ಕನ್ನಡದ ಇಪ್ಪತ್ತೊಂದರಲ್ಲಿ ಮೊದಲು ಇಪ್ಪತ್ತು, ಡಚ್ಚಿನಲ್ಲಿ ಮೊದಲು ಒಂದು, ಆಮೇಲೆ ಇಪ್ಪತ್ತು. ಫೋನಿನಲ್ಲಿ ಕೇಳಿ ಬರೆಯುವಾಗ 12 ಹೋಗಿ 21 ಆಗುವುದು ಸಹಜ. ಮೇಲಿನ ಸಂಖ್ಯೆಯಲ್ಲೇ ಹಾಗಾಗಿ 112122333 ಎಂದಾದರೆ ಮೊತ್ತ 67, ಫೇಲು.

ಒಂದು ಅಂಕಿ ತಪ್ಪಿದರೂ, ಯಾವುದೇ ಎರಡು ಬೇರೆ ಅಂಕಿಗಳು ಅದಲುಬದಲಾದರೂ ಸಿಕ್ಕಿಬೀಳುತ್ತವೆ. 11 ಅವಿಭಾಜ್ಯ ಸಂಖ್ಯೆ, ಅದೇ ಕಾರಣ. ಅದರ ಬದಲು 10 ಇದ್ದಿದ್ದರೆ, 5ರಿಂದ ಗುಣಿಸುವ ಜಾಗದಲ್ಲಿ 2ಕ್ಕೆ 4 ಬರೆದರೂ ಗೊತ್ತಾಗುತ್ತಿರಲಿಲ್ಲ. ಎರಡು ತಪ್ಪು ಒಟ್ಟಿಗಾದರೆ ಮಾತ್ರ ಕೆಲವೊಮ್ಮೆ ನುಸುಳಬಹುದು.

ಮಗ್ಗಿ ಬಲ್ಲ ಮಗುವಿನಿಂದ ಅದರದೇ ಸಂಖ್ಯೆಯನ್ನು ಪರೀಕ್ಷೆ ಮಾಡಿಸಿ. ಮುಗಿದ ಮೇಲೆ ಚೀಟಿ ಹರಿದುಬಿಡಿ, ವಾಟ್ಸ್‌ಆ್ಯಪ್ ಗುಂಪಿಗಂತೂ ಹಾಕಬೇಡಿ.