ದೇಸಗತಿ, ಗೌಡಕಿ, ವತನ

ದೇಸಾಯಿ, ನಾಡಗೌಡ, ಪಾಟೀಲ, ಕುಲಕರ್ಣಿ, ದೇಶಪಾಂಡೆ, ತಳವಾರ, ವಾಲಿಕಾರ. ಈ ಹೆಸರು ಕೇಳದ ಊರು ನಮ್ಮ ಕಡೆ ಇಲ್ಲ. ಇವತ್ತು ಇವು ಬರೇ ಅಡ್ಡಹೆಸರು. ಒಂದು ಕಾಲಕ್ಕೆ ಇವೆಲ್ಲ ನೌಕರಿಯ ಹೆಸರಾಗಿದ್ದವು.

ಆದರೆ ಅದು ಇವತ್ತಿನಂಥ ನೌಕರಿ ಅಲ್ಲ. ಅಪ್ಪ ಸತ್ತರೆ ಮಗ ಗೌಡ. ಮಗ ಸತ್ತರೆ ಮೊಮ್ಮಗ ಗೌಡ. ಹುಟ್ಟಿದ ಮನೆ ನೋಡಿ ಅಧಿಕಾರ. ಇದಕ್ಕೆ ವತನ ಅನ್ನುತ್ತಿದ್ದರು. ವತನ ಇದ್ದವನು ವತನದಾರ.

ಇದು ಹೇಗೆ ಬಂತು, ನೋಡೋಣ.

ಅರಸ ದೂರದ ಪಟ್ಟಣದಲ್ಲಿ ಇರುತ್ತಿದ್ದ. ಹಳ್ಳಿಯ ಕಂದಾಯ ಅವನಿಗೆ ಮುಟ್ಟಬೇಕು. ಕಳ್ಳಕಾಕರ ಕಾಟ ತಪ್ಪಬೇಕು. ಯುದ್ಧ ಬಂದರೆ ಆಳು ಬೇಕು. ಇದನ್ನೆಲ್ಲ ಮಾಡುವವರಿಗೆ ತಿಂಗಳ ಪಗಾರ ಇರಲಿಲ್ಲ. ಅದರ ಬದಲು ಅರಸ ಹೊಲ ಕೊಡುತ್ತಿದ್ದ. ಅದೇ ಇನಾಮು ಹೊಲ. ವಸೂಲಾದ ಕಂದಾಯದಲ್ಲಿ ಒಂದು ಪಾಲೂ ಸಿಗುತ್ತಿತ್ತು. ಕೊಟ್ಟದ್ದಕ್ಕೆ ಒಂದು ಕಾಗದ. ಅದರ ಹೆಸರು ಸನದು.

ಹೊಲ ಮಗನಿಗೆ ಬಂದರೆ ಕೆಲಸವೂ ಮಗನಿಗೆ ಬಂತು. ಕೆಲಸ ಬಂದರೆ ಮಾನವೂ ಬಂತು. ನಾಲ್ಕು ತಲೆ ಕಳೆಯುವಷ್ಟರಲ್ಲಿ ಆ ಮನೆಗೆ ವಾಡೆ ಎದ್ದಿತು. "ಅವರು ಹುಟ್ಟಿದ್ದೇ ಆಳಾಕ, ನಾವು ಹುಟ್ಟಿದ್ದೇ ದುಡಿಯಾಕ" ಎಂದು ಮಂದಿ ನಂಬಿದರು. ಆ ಹೊಲ ಉತ್ತವನ ಹೆಸರು ಮಾತ್ರ ಸನದಿನಲ್ಲಿ ಇರುತ್ತಿರಲಿಲ್ಲ.

ಇದು ಬಹಳ ಹಳೆಯ ಪದ್ಧತಿ. ಸವದತ್ತಿಯಲ್ಲಿ ಸಾವಿರ ವರ್ಷದ ಹಿಂದೆ ರಟ್ಟರು ಆಳುತ್ತಿದ್ದರು. ಅವರು ಸ್ವತಂತ್ರ ಅರಸರಲ್ಲ. ಮೊದಲು ರಾಷ್ಟ್ರಕೂಟರಿಗೆ, ಆಮೇಲೆ ಚಾಲುಕ್ಯರಿಗೆ ಸಾಮಂತರು. ಕೂಂಡಿ ಮೂರು ಸಾವಿರ ಎಂಬ ಸೀಮೆ ಅವರ ಕೈಯಲ್ಲಿತ್ತು. ದೊಡ್ಡ ಅರಸರು ಬದಲಾದರು, ರಟ್ಟರ ಮನೆ ಮಾತ್ರ ಉಳಿಯಿತು. ಆಮೇಲೆ ಅವರು ರಾಜಧಾನಿಯನ್ನು ಬೆಳಗಾವಿಗೆ ಒಯ್ದರು. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರು ಅವರನ್ನು ಮುಗಿಸಿದರು. ಇವತ್ತು ಸವದತ್ತಿಯಲ್ಲಿ ಕಾಣುವ ಕೋಟೆ ರಟ್ಟರದಲ್ಲ. ಅದು 18ನೆಯ ಶತಮಾನದ ದೇಸಾಯರದು.

ಕಿತ್ತೂರಿನ ಮನೆತನವೂ ಹೀಗೇ ಬೆಳೆಯಿತು. ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ವಿಜಾಪುರದ ದಂಡಿನಲ್ಲಿ ಇದ್ದರು. 1585ರ ಹೊತ್ತಿಗೆ ಅವರಿಗೆ ಹುಬ್ಬಳ್ಳಿ ಸೀಮೆಯ ದೇಶಮುಖಿ ಸಿಕ್ಕಿತು. ವಿಜಾಪುರ ಹೋಯಿತು, ಪೇಶವೆಯರು ಬಂದರು. 1818ರಲ್ಲಿ ಪೇಶವೆಯರೂ ಹೋಗಿ ಕುಂಪಣಿ ಸರಕಾರ ಬಂತು. ವರ್ಷಕ್ಕೆ ಇಷ್ಟು ಕಪ್ಪ ಕೊಡಬೇಕೆಂದು ಕಿತ್ತೂರಿಗೆ ಕರಾರು ಆಯಿತು.

1824ರ ಸಪ್ಟೆಂಬರದಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡ. ಮಕ್ಕಳಿರಲಿಲ್ಲ. ಸಾಯುವ ಮುಂಚೆ ಒಬ್ಬ ಹುಡುಗನನ್ನು ದತ್ತಕ ತಗೊಂಡಿದ್ದ. ಧಾರವಾಡದ ಕಲೆಕ್ಟರ ಥ್ಯಾಕರೆ ಒಪ್ಪಲಿಲ್ಲ. ನಮ್ಮ ಅಪ್ಪಣೆ ಇಲ್ಲದ ದತ್ತಕ ನಡೆಯುವುದಿಲ್ಲ ಎಂದ. ಖಜಾನೆಗೆ ಕಾವಲು ಹಾಕಿದ. ರಾಣಿ ಚೆನ್ನಮ್ಮ ಅದನ್ನು ತಡೆದು ನಿಂತಳು. ಅಕ್ಟೋಬರ 23ರಂದು ಲಡಾಯಿ ನಡೆದು ಥ್ಯಾಕರೆ ಸತ್ತ. ಡಿಸೆಂಬರದಲ್ಲಿ ದೊಡ್ಡ ದಂಡು ಬಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು. 1829ರಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಸಮಾಧಿಯೂ ಅಲ್ಲೇ ಇದೆ.

ಈ ಕಥೆ ಎಲ್ಲರಿಗೂ ಗೊತ್ತು. ನಾವು ಹೇಳಬೇಕಾದದ್ದು ಅದರೊಳಗಿನ ಒಂದು ಮಾತು. ಕಿತ್ತೂರಿನವರಿಗೆ ತಮ್ಮ ಮನೆತನದ ಹಕ್ಕು ಹುಟ್ಟಿನಿಂದ ಬಂದದ್ದು. ಕುಂಪಣಿಗೆ ಅದು ತಾನು ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ. ಎರಡು ನೂರು ವರ್ಷ ಮಿಕ್ಕಿ ಬಾಳಿದ ಸಂಸ್ಥಾನ ಒಂದು ಮಾತಿನ ಮೇಲೆ ನಿಂತಿತ್ತು.

ಸಂಗೊಳ್ಳಿ ರಾಯಣ್ಣನನ್ನು ನೋಡಿರಿ. ಆತ ಶೇತಸನದಿ. ಶೇತ ಅಂದರೆ ಮರಾಠಿಯಲ್ಲಿ ಹೊಲ. ಹೊಲದ ಸನದು ಪಡೆದು ಚಾಕರಿ ಮಾಡುವವನು ಶೇತಸನದಿ. ವಾಡೆಯ ದೇಸಾಯಿಯದೂ ವತನ, ಈ ಬಡ ಆಳಿನದೂ ವತನ. ಒಂದು ದೊಡ್ಡದು, ಒಂದು ಸಣ್ಣದು. ಕಿತ್ತೂರು ಬಿದ್ದ ಮೇಲೆ ಇಂಥ ಸಣ್ಣವರ ಹೊಲಕ್ಕೂ ಕುತ್ತು ಬಂತು. ರಾಯಣ್ಣನ ಜೊತೆ ಅಂಥ ಆಳುಗಳು ಬಹಳ ಮಂದಿ ಸೇರಿದರು. ಅವರು ಬೀಡಿ, ಸಂಪಗಾವಿ ಕಚೇರಿಗಳ ಮೇಲೆ ಬಿದ್ದು ದಫ್ತರಕ್ಕೆ ಬೆಂಕಿ ಇಟ್ಟರು. ತಮ್ಮ ಹೊಲ ಕಸಿದದ್ದು ಕಾಗದ ಎಂದು ಅವರಿಗೆ ಗೊತ್ತಿತ್ತು. 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದರು.

ಇಂಗ್ಲಿಷರು ವತನ ತೆಗೆಯಲಿಲ್ಲ, ಕಾಯ್ದೆಯಲ್ಲಿ ಕಟ್ಟಿ ಹಾಕಿದರು. 1874ರ ಕಾಯ್ದೆ ಪ್ರಕಾರ ವತನದ ಹೊಲವನ್ನು ಅಪ್ಪಣೆ ಇಲ್ಲದೆ ಹೊರಗಿನವರಿಗೆ ಮಾರುವಂತಿಲ್ಲ. ಮನೆ ನಾಲ್ಕು ಪಾಲಾದರೆ ಗೌಡಕಿ ಸರದಿ ಮೇಲೆ. 1886ರಲ್ಲಿ ಇನ್ನೊಂದು ಮಾತು ಸೇರಿತು. ಮನೆತನದಲ್ಲಿ ಗಂಡಸರು ಇರುವ ತನಕ ಮಗಳಿಗೆ ಪಾಳಿ ಇಲ್ಲ. ಕಿತ್ತೂರಿನಲ್ಲಿ ಹೆಣ್ಣುಮಗಳೊಬ್ಬಳು ಕತ್ತಿ ಹಿಡಿದು ಅರವತ್ತೆರಡು ವರ್ಷ ಆಗಿತ್ತು!

ಎಲ್ಲ ದೇಸಾಯರೂ ಒಂದೇ ತರಹ ಇರಲಿಲ್ಲ, ಅದನ್ನೂ ಹೇಳಬೇಕು. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ತಮ್ಮ ದೊಡ್ಡ ಆಸ್ತಿಯನ್ನು ಸಮಾಜದ ಹುಡುಗರ ಓದಿಗಾಗಿ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇರುವುದು ಅವರದೇ ಹೆಸರು.

ರಾಮದುರ್ಗದ್ದು ಬೇರೆ. ಅಲ್ಲಿ ಭಾವೆ ಮನೆತನದ ಸಂಸ್ಥಾನ 1948ರವರೆಗೆ ನಡೆಯಿತು. ಕರಭಾರಕ್ಕೆ ಬೇಸತ್ತ ಜನ 1939ರ ಏಪ್ರಿಲ್‌ನಲ್ಲಿ ದಂಗೆ ಎದ್ದರು. ಜೈಲಿನ ಮೇಲೆ ಬಿದ್ದರು. ಪೋಲೀಸರೂ ಸತ್ತರು. ಅವರೂ ಬಡವರ ಮಕ್ಕಳೇ.

ಸ್ವಾತಂತ್ರ್ಯ ಬಂದ ಮೇಲೆ ವತನದ ಗಂಟು ಒಂದೊಂದಾಗಿ ಬಿಚ್ಚಿತು. ಆಗ ನಾವು ಮುಂಬಯಿ ರಾಜ್ಯದಲ್ಲಿ ಇದ್ದೆವು. 1950ರ ಕಾಯ್ದೆಯಿಂದ ದೇಸಾಯಿ, ದೇಶಪಾಂಡೆ, ಕುಲಕರ್ಣಿ ವತನ ಹೋದವು. ಗೌಡಕಿ, ತಳವಾರಕಿ ಹೋದದ್ದು ಕರ್ನಾಟಕದ 1961ರ ಕಾಯ್ದೆಯಿಂದ. 1971ರಲ್ಲಿ ರಾಜರ ರಾಜಧನವೂ ನಿಂತಿತು. 1974ರಲ್ಲಿ ಗೇಣಿ ಪದ್ಧತಿ ಮುಗಿಯಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಬರೆದುಕೊಟ್ಟು ಹೊಲ ಕೇಳಬೇಕಿತ್ತು. ಅರ್ಜಿ ಹಾಕಿ ಗೆದ್ದವನ ಹೆಸರು ಉತಾರದಲ್ಲಿ ಕೂತಿತು. ಹಾಕದವನು ಆಳಾಗಿಯೇ ಉಳಿದ.

ಅಂದಿನ ಸನದಿನ ಜಾಗದಲ್ಲಿ ಇಂದು ಉತಾರ ಇದೆ. ಕೆಲವರು ಪಹಣಿ ಅಂತಾರೆ. ಈಗ ಅದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಮೊದಲು 9ನೆಯ ಕಾಲಮ್ ಓದಿರಿ. ಹೊಲ ಯಾರ ಹೆಸರಿನಲ್ಲಿದೆ ಎಂದು ಅಲ್ಲಿ ಇರುತ್ತದೆ. 11ನೆಯದರಲ್ಲಿ ಸಾಲ, ಬೋಜಾ ಇದ್ದರೆ ಕಾಣುತ್ತದೆ. ಯಾರು ಸಾಗುವಳಿ ಮಾಡುತ್ತಾರೆ, ಯಾವ ಬೆಳೆ ಎಂಬುದು 12ನೆಯದರಲ್ಲಿ. ಅಪ್ಪ ತೀರಿದ ಮೇಲೆ ವಾರಸಾ ಮಾಡಿಸುವಾಗ ಮಕ್ಕಳೆಲ್ಲರ ಹೆಸರು ಬಂದಿದೆಯೇ ನೋಡಿರಿ. 2005ರ ಕಾಯ್ದೆ ಪ್ರಕಾರ ಹಿಂದೂ ಮನೆತನದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. "ಇಲ್ಲಿ ಒಂದು ಹೆಬ್ಬೆಟ್ಟು ಒತ್ತವ್ವ" ಎಂದು ಅಣ್ಣ ಕಾಗದ ತಂದರೆ, ಅದರಲ್ಲಿ ಏನು ಬರೆದಿದೆ ಎಂದು ಮೊದಲು ಓದಿರಿ. ಆಮೇಲೆ ಸಹಿ.